ಕರೆಂಟ್ ಕೊಡಿಸಿ ಹತ್ತು ವರ್ಷ ಆದಮೇಲೆ ನುಂಗೋದು, ಮಾತಾಡೋದು ಕಷ್ಟ ಆದರೆ: ಮನೆಯವರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮಪ್ಪನಿಗೆ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಆಗಿದ್ದು 2010ರಲ್ಲಿ. ನಮ್ಮೂರ ಕಡೆ ರೇಡಿಯೇಷನ್ ಅಂದರೆ ಯಾರಿಗೂ ಗೊತ್ತಾಗಲ್ಲ, 'ಕರೆಂಟ್ ಕೊಡಿಸೋದು' ಅನ್ನಬೇಕು. ವಾರಕ್ಕೆ ಐದು ದಿನದಂತೆ ಏಳು ವಾರ, ಒಟ್ಟು 35 ಸಲ ಕೊಡಿಸಿದೆವು. ಗಡ್ಡೆ ಕರಗಿತು. ಐದು ವರ್ಷ ತಪ್ಪದೆ ಚೆಕಪ್‌ಗೆ ಹೋದೆವು. 'ಇನ್ನು ಆರಾಮಾಗಿರಿ ಮೇಷ್ಟ್ರೇ' ಅಂದರು ಡಾಕ್ಟರು. ಅಪ್ಪ ಆರಾಮಾಗೇ ಇದ್ದರು. ಬಾಯಿ ಒಣಗುತ್ತಿತ್ತು, ಖಾರ ತಡೆಯುತ್ತಿರಲಿಲ್ಲ, ಅಷ್ಟೇ.

ಹನ್ನೊಂದನೇ ವರ್ಷ ಬೆಳಗಿನ ಕಾಫಿಗೆ ಕೆಮ್ಮು ಶುರುವಾಯಿತು. 'ನೆತ್ತಿಗೆ ಹತ್ತಿತು, ಯಾರೋ ನೆನೆಸಿಕೊಂಡರು' ಅಂತ ಅಮ್ಮ ತಲೆ ತಟ್ಟುತ್ತಿದ್ದರು. ಆರು ತಿಂಗಳ ಕಾಲ ದಿನಾ ಬೆಳಿಗ್ಗೆ ಯಾರೋ ಒಬ್ಬರು ಅಪ್ಪನನ್ನು ನೆನೆಸಿಕೊಳ್ಳುತ್ತಲೇ ಇದ್ದರು! ಅದೇ ವರ್ಷ ಎರಡು ಸಲ ಜ್ವರ, ಕಫ. ಮೊದಲ ಸಲ 'ವೈರಲ್' ಅಂತ ಮಾತ್ರೆ ಕೊಟ್ಟು ಕಳಿಸಿದರು. ಎರಡನೇ ಸಲ ಎಕ್ಸ್‌ರೇ ತೆಗೆದಾಗ ಬಲಗಡೆ ಶ್ವಾಸಕೋಶದ ಕೆಳಭಾಗದಲ್ಲಿ ನ್ಯುಮೋನಿಯಾ. ಕುಡಿದ ಕಾಫಿ ಗುಟುಕು ಗುಟುಕಾಗಿ ಎಲ್ಲಿಗೆ ಹೋಗುತ್ತಿತ್ತು ಅಂತ ಆಮೇಲೆ ಗೊತ್ತಾಯಿತು.

ನಾನು ಡಾಕ್ಟರ್ ಅಲ್ಲ. ಅಪ್ಪನ ಜೊತೆ ಆಸ್ಪತ್ರೆ ಸುತ್ತಿ, ಅಡುಗೆಮನೆಯಲ್ಲಿ ತಪ್ಪು ಮಾಡಿ ಕಲಿತದ್ದನ್ನು ಬರೆಯುತ್ತಿದ್ದೇನೆ. ನಿಮ್ಮವರ ಗಂಟಲಿಗೆ ಯಾವುದು ಸರಿ ಅನ್ನೋದನ್ನು ಅವರ ಸ್ಪೀಚ್ ಥೆರಪಿಸ್ಟೇ ಹೇಳಬೇಕು.

ಇಷ್ಟು ವರ್ಷ ಬಿಟ್ಟು ಈಗ್ಯಾಕೆ?

ನಮ್ಮನ್ನು ಜಾಸ್ತಿ ಕಾಡಿದ ಪ್ರಶ್ನೆ ಇದೇ. ಗಂಟಲಿನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ 60ರಿಂದ 70 ಗ್ರೇ (ವಿಕಿರಣ ಅಳೆಯುವ ಲೆಕ್ಕ) ವಿಕಿರಣ ಕೊಡುತ್ತಾರೆ. ಗಡ್ಡೆಯ ಜೊತೆಗೆ ಸುತ್ತಲಿನ ಸ್ನಾಯು, ನರ, ರಕ್ತನಾಳ, ಜೊಲ್ಲಿನ ಗ್ರಂಥಿಗಳಿಗೂ ಅದು ತಾಗುತ್ತದೆ. ಬಾಯಿ ಹುಣ್ಣು, ಉರಿ, ನೋವು ಎಲ್ಲ ಕೆಲವು ತಿಂಗಳಲ್ಲಿ ವಾಸಿಯಾಗುತ್ತದೆ. ಆದರೆ ಒಳಗಿನ ಮಾಂಸ ಮೆಲ್ಲಗೆ ನಾರುಗಟ್ಟುತ್ತಾ ಹೋಗಬಹುದು. ಬಲಿತ ಬದನೆಕಾಯಿ ಬೆಂದಮೇಲೂ ನಾರುನಾರಾಗಿರುತ್ತದಲ್ಲ, ಹಾಗೆ. ನಾರಿನ ಮಧ್ಯೆ ಸಿಕ್ಕಿಕೊಂಡ ನರಗಳು ಸೊರಗುತ್ತವೆ. ನಾಲಿಗೆ ಆಡಿಸುವ ನರ, ಗಂಟಲನ್ನೂ ಧ್ವನಿಪೆಟ್ಟಿಗೆಯನ್ನೂ ನಡೆಸುವ ನರ ಎರಡೂ ಇದೇ ದಾರಿಯಲ್ಲಿ ಹಾದುಹೋಗುತ್ತವೆ. ಹೀಗಾಗಿ ಐದು ವರ್ಷಕ್ಕೋ, ಹತ್ತು-ಹದಿನೈದು ವರ್ಷಕ್ಕೋ ನುಂಗುವುದೂ ಮಾತೂ ಜೊತೆಜೊತೆಗೇ ಕೆಡಬಹುದು. ಎಲ್ಲರಿಗೂ ಹೀಗೆ ಆಗೇ ಆಗುತ್ತದೆ ಅಂತ ಇಲ್ಲ. ಆದರೆ ಆದಾಗ 'ವಯಸ್ಸಾಯ್ತು' ಅಂತ ಸುಮ್ಮನಾಗೋದು ತಪ್ಪು. ನಾವು ಸುಮ್ಮನಾಗಿ ಒಂದು ವರ್ಷ ಕಳೆದುಕೊಂಡೆವು.

ಮೊದಲು ಒಂದು ನೋಟ್‌ಬುಕ್ ತಗೊಳ್ಳಿ

ಎರಡು ವಾರ ಬರೆದಿಡಿ. ಏನು ತಿಂದಾಗ ಕೆಮ್ಮು ಬಂತು, ಊಟಕ್ಕೆ ಎಷ್ಟು ಹೊತ್ತು ಹಿಡಿಯಿತು, ತೂಕ ಎಷ್ಟು. ಗಮನಿಸಬೇಕಾದ ಬೇರೆ ಸಣ್ಣಪುಟ್ಟ ವಿಷಯಗಳೂ ಇವೆ. ನೀರು ಕುಡಿದ ಮೇಲೆ ದನಿ ಗುಳುಗುಳು ಅನ್ನುತ್ತದಾ? ಮೂಗಿಗೆ ನೀರು ಬರುತ್ತದಾ? ಒಂದೇ ತುತ್ತಿಗೆ ಮೂರು ನಾಲ್ಕು ಸಲ ನುಂಗುತ್ತಾರಾ? ಮಾತ್ರೆ ಗಂಟಲಲ್ಲೇ ನಿಂತ ಹಾಗೆ ಆಗುತ್ತದಾ? ಕೆನ್ನೆಯ ಸಂದಿಯಲ್ಲಿ ಅನ್ನ ಉಳಿದಿರುತ್ತದಾ? ಸಂಜೆ ಹೊತ್ತಿಗೆ ಮಾತು ತೊದಲುತ್ತದಾ?

ಕನ್ನಡಿ ಮುಂದೆ ನಾಲಿಗೆ ಚಾಚಿಸಿ ನೋಡಿ. ಅಪ್ಪನ ನಾಲಿಗೆ ನೇರ ಬರುತ್ತಿರಲಿಲ್ಲ, ಎಡಕ್ಕೆ ವಾಲುತ್ತಿತ್ತು. ಎಡಭಾಗ ಸುಕ್ಕುಸುಕ್ಕಾಗಿ ಸಣ್ಣಗಾಗಿತ್ತು, ಸುಮ್ಮನೆ ಇದ್ದಾಗಲೂ ಅಲ್ಲಲ್ಲಿ ಮಿಡಿಯುತ್ತಿತ್ತು. ಸೊರಗಿದ ನರದ ಕಡೆಗೇ ನಾಲಿಗೆ ವಾಲುತ್ತದೆ ಅಂತ ಆಮೇಲೆ ತಿಳಿಯಿತು. ನಾವು ಅದುವರೆಗೆ ಅದನ್ನು ನೋಡೇ ಇರಲಿಲ್ಲ. ಅಪ್ಪ-ಅಮ್ಮನ ನಾಲಿಗೆ ಯಾರು ನೋಡುತ್ತಾರೆ, ಅಲ್ವಾ?

ತೂಕದ ಲೆಕ್ಕ ಸುಲಭ. 60 ಕೆಜಿ ಇದ್ದವರು ಒಂದು ತಿಂಗಳಲ್ಲಿ 3 ಕೆಜಿ ಇಳಿದರೆ, ಅಥವಾ ಆರು ತಿಂಗಳಲ್ಲಿ 6 ಕೆಜಿ ಇಳಿದರೆ, ಮುಂದಿನ ಚೆಕಪ್ ತನಕ ಕಾಯಬೇಡಿ.

ಕ್ಯಾನ್ಸರ್ ಡಾಕ್ಟರ ಹತ್ತಿರವೇ ಮೊದಲು ಹೋಗಿ

ಹೊಸದಾಗಿ ನುಂಗಲು ಕಷ್ಟ ಆದರೆ ಮೊದಲು ನೋಡಬೇಕಾದ್ದು ಗಡ್ಡೆ ವಾಪಸ್ ಬಂದಿದೆಯಾ, ಇಲ್ಲವೇ ಹೊಸದೊಂದು ಹುಟ್ಟಿದೆಯಾ ಅಂತ. ಎಷ್ಟೇ ವರ್ಷ ಆಗಿದ್ದರೂ ಇದನ್ನು ದಾಟಿ ಮುಂದಕ್ಕೆ ಹೋಗಬಾರದು. ಕ್ಯಾಮೆರಾ ಹಾಕಿ ನೋಡುತ್ತಾರೆ, ಬೇಕಿದ್ದರೆ ಸ್ಕ್ಯಾನ್ ಮಾಡಿಸುತ್ತಾರೆ. ಹಳೆಯ ಫೈಲ್ ತಗೊಂಡು ಹೋಗಿ. ಎಷ್ಟು ಗ್ರೇ, ಯಾವ ಭಾಗಕ್ಕೆ, ಯಾವ ವರ್ಷ ಅನ್ನೋದು ಅದರಲ್ಲಿರುತ್ತದೆ. ಕಿದ್ವಾಯಿಯಂಥ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿದ್ದರೆ ಆ ಹಳೇ ಫೈಲ್ ನಂಬರ್ ಹುಡುಕಿಟ್ಟುಕೊಳ್ಳಿ, ಕೌಂಟರ್‌ನಲ್ಲಿ ಅರ್ಧ ದಿನ ಉಳಿಯುತ್ತದೆ.

ಇನ್ನೆರಡನ್ನು ಕೇಳಿ ಮಾಡಿಸಿ. ಒಂದು, ಥೈರಾಯ್ಡ್ ರಕ್ತ ಪರೀಕ್ಷೆ. ಕುತ್ತಿಗೆಗೆ ಕರೆಂಟ್ ಕೊಟ್ಟವರಲ್ಲಿ ಥೈರಾಯ್ಡ್ ಕಡಿಮೆಯಾಗುವುದು ಮಾಮೂಲು. ಸುಸ್ತು, ದನಿ ದಪ್ಪವಾಗುವುದು ಅದರಿಂದಲೂ ಇರಬಹುದು. ಇನ್ನೊಂದು, ಅನ್ನನಾಳದ ಬಾಯಿ ಕಿರಿದಾಗಿದೆಯಾ ಅಂತ. ಕಿರಿದಾಗಿದ್ದರೆ ಅದನ್ನು ಹಿಗ್ಗಿಸುವ ಚಿಕಿತ್ಸೆ ಇದೆ. ಕೆಲವರಿಗೆ ಅದರಿಂದಲೇ ಅರ್ಧ ಕಷ್ಟ ಇಳಿಯುತ್ತದೆ.

ನುಂಗುವ ಪರೀಕ್ಷೆ: ಇದೊಂದನ್ನು ಬಿಡಬೇಡಿ

ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನು ಇಟ್ಟುಕೊಳ್ಳಿ. ಗಂಟಲೊಳಗೆ ಏನಾಗುತ್ತಿದೆ ಅಂತ ಹೊರಗಿನಿಂದ ಊಹೆ ಮಾಡಬೇಡಿ.

ಯಾಕೆಂದರೆ ವಿಕಿರಣ ತಿಂದ ಗಂಟಲಿಗೆ ಸ್ಪರ್ಶವೂ ಕಡಿಮೆಯಾಗಿರುತ್ತದೆ. ನೀರು ಗಾಳಿ ಕೊಳವೆಗೆ ಇಳಿದರೂ ಕೆಮ್ಮೇ ಬರದೇ ಇರಬಹುದು. 'ಈಗೀಗ ಕೆಮ್ಮು ಕಡಿಮೆಯಾಗಿದೆ' ಅಂತ ನಾವು ಖುಷಿಪಟ್ಟಿದ್ದೆವು. ಕಡಿಮೆಯಾಗಿದ್ದು ಎಚ್ಚರಿಸುವ ಶಕ್ತಿ.

ಪರೀಕ್ಷೆ ಎರಡು ಥರ. ಒಂದರಲ್ಲಿ ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬೇರಿಯಂ ಬೆರೆಸಿದ ನೀರು, ಗಂಜಿ, ಬಿಸ್ಕತ್ತು ಕೊಟ್ಟು, ನುಂಗುವುದನ್ನು ಎಕ್ಸ್‌ರೇಯಲ್ಲಿ ವಿಡಿಯೋ ತೆಗೆಯುತ್ತಾರೆ. ಇನ್ನೊಂದರಲ್ಲಿ ಮೂಗಿನಿಂದ ತೆಳ್ಳನೆಯ ಕ್ಯಾಮೆರಾ ಇಳಿಸಿ, ಬಣ್ಣ ಹಾಕಿದ ಆಹಾರ ಕೊಟ್ಟು ಮೇಲಿನಿಂದ ನೋಡುತ್ತಾರೆ. ಎರಡೂ ಸ್ವಲ್ಪ ಹೊತ್ತಿನ ಕೆಲಸ, ಅಡ್ಮಿಟ್ ಆಗಬೇಕಿಲ್ಲ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಕೇಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ವಿಚಾರಿಸಬಹುದು. ಆಟೋದವರಿಗೆ 'ಸ್ಪೀಚ್ ಅಂಡ್ ಹಿಯರಿಂಗ್' ಅಂದರೆ ಸಾಕು. ಮಾತಿನ ಚಿಕಿತ್ಸೆ ಅಂದರೆ ತೊದಲುವ ಮಕ್ಕಳಿಗೆ ಮಾತ್ರ ಅಂತ ನಾನು ತಿಳಿದಿದ್ದೆ. ನುಂಗೋದು ಕಲಿಸುವವರೂ ಅವರೇ.

ಅಪ್ಪನ ವಿಡಿಯೋವನ್ನು ಥೆರಪಿಸ್ಟ್ ನಮಗೂ ತೋರಿಸಿದರು. ಗಂಜಿ ಗಂಟಲಿನ ಎರಡೂ ಪಕ್ಕದ ಗುಂಡಿಗಳಲ್ಲಿ ಕಪ್ಪಗೆ ನಿಂತಿತ್ತು, ಕೆಳಗಿಳಿದಿರಲಿಲ್ಲ. ಆಮೇಲೆ ನೀರು ಕೊಟ್ಟರು. ಆ ಕಪ್ಪು ಗೆರೆ ಎರಡಾಗಿ ಸೀಳಿ, ಒಂದು ಎಳೆ ಗಾಳಿ ಕೊಳವೆಗೆ ಜಾರಿತು. ಅಪ್ಪ ನೆಟ್ಟಗೆ ಕೂತಿದ್ದರು, ಒಂದು ಕೆಮ್ಮಿಲ್ಲ. ಅಮ್ಮ ನನ್ನ ಕೈ ಹಿಡಿದುಕೊಂಡರು.

ಆಮೇಲೆ ಥೆರಪಿಸ್ಟ್ 'ತಲೆ ಎಡಕ್ಕೆ ತಿರುಗಿಸಿ ನುಂಗಿ ಸರ್' ಅಂದರು. ಸೊರಗಿದ ಕಡೆಗೆ ತಲೆ ತಿರುಗಿಸಿದರೆ ಆ ಕಡೆಯ ದಾರಿ ಮುಚ್ಚಿ, ಊಟ ಗಟ್ಟಿ ಇರುವ ಬದಿಯಿಂದ ಇಳಿಯುತ್ತದಂತೆ. ಇಳಿಯಿತು. ಗಲ್ಲ ಎದೆಗೆ ಬಾಗಿಸಿ ನೋಡಿದರೆ ಅಪ್ಪನಿಗೆ ಏನೂ ಉಪಯೋಗವಾಗಲಿಲ್ಲ. ಆದರೆ 'ಗಲ್ಲ ಬಾಗಿಸಿ ನುಂಗಿ' ಅಂತ ಎಲ್ಲರೂ ಎಲ್ಲರಿಗೂ ಹೇಳುತ್ತಿರುತ್ತಾರೆ! ಕೆಲವರಿಗೆ ಅದು ಒಳ್ಳೆಯದು, ಕೆಲವರಿಗೆ ಕೆಟ್ಟದ್ದು. ಪರೀಕ್ಷೆ ಇಲ್ಲದೆ ಗೊತ್ತಾಗಲ್ಲ.

ಮಂದ ಮಾಡಿದರೆ ಸಾಕು ಅನ್ನೋದೂ ಹಾಗೇ. ನೀರು ತೆಳ್ಳಗಿದ್ದರೆ ಗಾಳಿ ಕೊಳವೆಗೆ ಸೋರುತ್ತದೆ, ನಿಜ. ಆದರೆ ಗಂಟಲಿಗೆ ತಳ್ಳುವ ಬಲವೇ ಇಲ್ಲದಿದ್ದರೆ ಮಂದವಾದದ್ದು ಅಲ್ಲೇ ಅಂಟಿ ಕೂರುತ್ತದೆ. ಆಮೇಲೆ ಮಲಗಿದಾಗ ಮೆಲ್ಲಗೆ ಜಾರುತ್ತದೆ. ಎರಡರ ಮಧ್ಯೆ ಎಲ್ಲಿ ನಿಲ್ಲಬೇಕು ಅನ್ನೋದೇ ಇಡೀ ಆಟ.

ಎತ್ತಿ ಕುಡಿಯುವುದನ್ನು ಇವತ್ತೇ ನಿಲ್ಲಿಸಿ

ಇದಕ್ಕೆ ಮಾತ್ರ ನಾನು ಥೆರಪಿಸ್ಟ್ ಹತ್ತಿರ ಹೋಗೋ ತನಕ ಕಾಯಿರಿ ಅನ್ನಲ್ಲ. ನಮ್ಮಲ್ಲಿ ಚೊಂಬು ತುಟಿಗೆ ತಾಗಿಸದೆ ಎತ್ತಿ ಕುಡಿಯುವುದು ಶುದ್ಧ, ಸಭ್ಯ. ಆದರೆ ತಲೆ ಹಿಂದಕ್ಕೆ ವಾಲಿದಾಗ ನೀರು ಒಮ್ಮೆಲೇ ಗಂಟಲಿಗೆ ಬೀಳುತ್ತದೆ. ನಿಧಾನವಾದ ಗಂಟಲು ಆ ಹೊತ್ತಿಗೆ ಸಿದ್ಧವಾಗಿರುವುದಿಲ್ಲ. ಅಪ್ಪ ಐವತ್ತು ವರ್ಷದ ಅಭ್ಯಾಸ ಬಿಡೋಕೆ ಒಪ್ಪಲಿಲ್ಲ. ಅವರಿಗೇ ಅಂತ ಬೇರೆ ಲೋಟ ಇಟ್ಟು, ಅದಕ್ಕೆ ಕೆಂಪು ದಾರ ಕಟ್ಟಿದ ಮೇಲೆ ಒಪ್ಪಿದರು.

ಸ್ಟೀಲ್ ಲೋಟದಲ್ಲೂ ಒಂದು ಮೋಸ ಇದೆ. ಕೊನೆಯ ಎರಡು ಗುಟುಕಿಗೆ ತಲೆ ಎತ್ತಲೇಬೇಕು. ಆದ್ದರಿಂದ ಅಗಲ ಬಾಯಿಯ ಕಪ್ ಬಳಸಿ, ಅರ್ಧಕ್ಕಿಂತ ಕೆಳಗೆ ಇಳಿಯುವ ಮುಂಚೆ ಮತ್ತೆ ತುಂಬಿಸಿ. ಪ್ಲಾಸ್ಟಿಕ್ ಲೋಟದ ಒಂದು ಅಂಚನ್ನು ಮೂಗು ಹಿಡಿಸುವಷ್ಟು ಕತ್ತರಿಸಿದರೂ ಆಯಿತು, ತಲೆ ಎತ್ತದೆ ಪೂರ್ತಿ ಕುಡಿಯಬಹುದು. ದೇವಸ್ಥಾನದಲ್ಲಿ ಅಂಗೈಯ ತೀರ್ಥವನ್ನು ಕಣ್ಣಿಗೊತ್ತಿಕೊಂಡು ತಲೆಗೆ ಸವರಿಕೊಳ್ಳಲಿ. ಅರ್ಚಕರು ಏನೂ ಅನ್ನಲ್ಲ.

ಕೂರುವುದು ಕುರ್ಚಿಯಲ್ಲಿ, ನೆಟ್ಟಗೆ, ಪಾದ ನೆಲಕ್ಕೆ ಊರಿ. ಆರಾಮ ಕುರ್ಚಿಯಲ್ಲಿ ಒರಗಿ ಕಾಫಿ ಕುಡಿಯೋದು ಮುಗಿಯಿತು ಅಂತ ತಿಳಿಯಿರಿ. ಊಟದ ಹೊತ್ತು ಟಿವಿ ಬೇಡ, ಮಾತೂ ಬೇಡ. ಚಿಕ್ಕ ಚಮಚ. ಒಂದು ತುತ್ತಿಗೆ ಎರಡು ಸಲ ನುಂಗಿ, ಆಮೇಲೆ ಮುಂದಿನದು. ಊಟವಾದ ಮೇಲೆ ಅರ್ಧ ಗಂಟೆಯಾದರೂ ಕೂತೇ ಇರಬೇಕು. ಸುಸ್ತಾದ ಗಂಟಲು ಹೆಚ್ಚು ತಪ್ಪು ಮಾಡುತ್ತದೆ. ಅದಕ್ಕೇ ಮೂರು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ.

ಅಡುಗೆಮನೆ: ಮುದ್ದೆ, ಸಾರು, ಒಗ್ಗರಣೆ

ನಾವು ಹಳೇ ಮೈಸೂರು ಕಡೆಯವರು. ಮುದ್ದೆಯನ್ನು ಅಗಿಯಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಗಟ್ಟಿ ಗಂಟಲಿನವರಿಗೆ ಅದು ಜಾರಿ ಇಳಿಯುತ್ತದೆ. ತಳ್ಳುವ ಬಲ ಇಲ್ಲದ ಗಂಟಲಲ್ಲಿ ಅಂಟಿನ ಉಂಡೆ ಕೂತರೆ ಉಸಿರೇ ಕಟ್ಟಬಹುದು. ಮುದ್ದೆ ಬಿಡಿ ಅನ್ನೋದು ಅಪ್ಪನಿಗೆ ಕ್ಯಾನ್ಸರ್ ಇದೆ ಅಂತ ಹೇಳಿದ್ದಕ್ಕಿಂತ ಕಷ್ಟವಾಯಿತು. ಅಮ್ಮ ಒಂದು ತಿಂಗಳು ಅವರೆದುರಿಗೆ ಮುದ್ದೆ ತಿನ್ನಲಿಲ್ಲ. ಅಡುಗೆಮನೆ ಬಾಗಿಲು ಮುಂದಕ್ಕೆ ಮಾಡಿಕೊಂಡು ನಿಂತೇ ತಿನ್ನುತ್ತಿದ್ದರು. ಅಪ್ಪನಿಗೆ ಅದೂ ಗೊತ್ತಾಗಿ ಬೇಜಾರಾಯಿತು.

ರಾಗಿ ಬಿಡಬೇಕಿಲ್ಲ. ಸೋಸಿದ ರಾಗಿ ಹಿಟ್ಟಿನ ಅಂಬಲಿ ಅಥವಾ ಮಕ್ಕಳಿಗೆ ಮಾಡುವ ರಾಗಿ ಸರಿ ಮಾಡಿ, ತುಪ್ಪ ಬಿಟ್ಟು, ಗಂಟಿಲ್ಲದ ಹಾಗೆ ಕಡೆದು ಕೊಡಿ.

ಸಾರು ಅನ್ನ ಸುಲಭದ ಊಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇಂಥ ಗಂಟಲಿಗೆ ಅದೇ ಕಷ್ಟದ್ದು. ಬಾಯಲ್ಲಿ ಸಾರು ಮುಂದೆ ಓಡುತ್ತದೆ, ಅಗುಳು ಹಿಂದೆ ಉಳಿಯುತ್ತದೆ. ಒಂದೇ ತುತ್ತಿನಲ್ಲಿ ಎರಡು ವೇಗ! ಹಾಲಿನಲ್ಲಿ ನೆನೆಸಿದ ಅವಲಕ್ಕಿ, ಕಾಯಿ ಹೋಳು ತೇಲುವ ಹುಳಿ, ಕಿತ್ತಳೆ ತೊಳೆ ಎಲ್ಲದರದೂ ಇದೇ ತೊಂದರೆ. ಅನ್ನವನ್ನು ಮೆತ್ತಗೆ ಬೇಯಿಸಿ, ಬೇಳೆ ಕಟ್ಟಿನ ಜೊತೆ ಮಿಕ್ಸಿಗೆ ಹಾಕಿ, ನೀರು ಬೇರೆ ಬಿಡದ ಹಾಗೆ ಒಂದೇ ಹದಕ್ಕೆ ತನ್ನಿ. ಮೊಸರನ್ನವನ್ನೂ ಹಾಗೇ ಕಿವುಚಿ. ಕಾಳುಮೆಣಸು, ಜೀರಿಗೆ ಇಡಿಯಾಗಿ ಇಲ್ಲದ ಪೊಂಗಲ್ ಒಳ್ಳೆಯದು. ಇಡ್ಲಿಯನ್ನು ಬರೀ ಕೈಯಲ್ಲಿ ಮುರಿದು ಕೊಟ್ಟರೆ ಪುಡಿಪುಡಿಯಾಗಿ ಹರಡುತ್ತದೆ, ನುಣ್ಣಗಿನ ಚಟ್ನಿಯಲ್ಲಿ ಪೂರ್ತಿ ನೆನೆಸಿ ಕಿವುಚಿ ಕೊಡಿ. ಪಚ್ಚಬಾಳೆ, ಪಪ್ಪಾಯಿ, ಬೆಣ್ಣೆಹಣ್ಣು ನುರಿದರೆ ಸಾಕು. ಚಪಾತಿ, ಮಂಡಕ್ಕಿ, ಕೋಡುಬಳೆ, ಚಿತ್ರಾನ್ನ ಬೇಡ.

ಒಗ್ಗರಣೆಯನ್ನು ಮರೆಯಬೇಡಿ. ಅಷ್ಟೆಲ್ಲ ನುಣ್ಣಗೆ ರುಬ್ಬಿ, ಕೊನೆಗೆ ಅಭ್ಯಾಸಬಲದಿಂದ ಸಾಸಿವೆ, ಕರಿಬೇವು ಸುರಿದಿದ್ದೆ ನಾನು. ಒಂದು ಕರಿಬೇವಿನ ಎಲೆ ಗಂಟಲ ಗೋಡೆಗೆ ಅಂಟಿ ಅಪ್ಪ ಇಪ್ಪತ್ತು ನಿಮಿಷ ಕೆಮ್ಮಿದರು. ಈಗ ಇಂಗು, ಕರಿಬೇವು ಹಾಕಿ ಒಗ್ಗರಣೆ ಮಾಡಿ, ಟೀ ಸೋಸುವ ಜಾಲರಿಯಲ್ಲಿ ಎಣ್ಣೆ ಮಾತ್ರ ಸೋಸಿ ಹಾಕುತ್ತೇವೆ. ಘಮ ಬರುತ್ತದೆ, ಅದು ಸಾಕು.

ಹದ ಅಳೆಯೋದಕ್ಕೆ ಒಂದು ಸುಲಭ ಉಪಾಯ ಇದೆ. ಮೆಡಿಕಲ್ ಶಾಪಿನಿಂದ 10 ಎಂಎಲ್ ಸಿರಿಂಜ್ ತನ್ನಿ, ಸೂಜಿ ಬೇಡ. ಸೊನ್ನೆಯಿಂದ ಹತ್ತರ ಗೆರೆ ತನಕ ಸ್ಕೇಲಿನಲ್ಲಿ ಅಳೆದರೆ 61.5 ಮಿಲಿಮೀಟರ್ ಇರಬೇಕು. ಒಳಗಿನ ದಂಡ ತೆಗೆದುಬಿಡಿ. ತುದಿಗೆ ಬೆರಳು ಒತ್ತಿ, 10ರ ತನಕ ಪಾನೀಯ ತುಂಬಿ. ಬೆರಳು ತೆಗೆದು 10 ಸೆಕೆಂಡ್ ಬಿಟ್ಟು ಮತ್ತೆ ಮುಚ್ಚಿ. ಎಷ್ಟು ಉಳಿದಿದೆ ನೋಡಿ. 1ರಿಂದ 4 ಎಂಎಲ್ ಉಳಿದರೆ ಒಂದನೇ ಹದ, 4ರಿಂದ 8 ಉಳಿದರೆ ಎರಡನೇ ಹದ, 8ಕ್ಕಿಂತ ಜಾಸ್ತಿ ಉಳಿದು ಸ್ವಲ್ಪವಾದರೂ ಸೋರಿದ್ದರೆ ಮೂರನೇ ಹದ. ಒಂದಕ್ಕಿಂತ ಕಡಿಮೆ ಉಳಿದರೆ ಅದು ನೀರೇ. ಇದು ಹಲವು ದೇಶಗಳಲ್ಲಿ ಬಳಸುವ ಅಳತೆ. ಯಾವ ಹದ ಬೇಕು ಅಂತ ಥೆರಪಿಸ್ಟ್ ಹೇಳಿದರೆ ಮನೆಯಲ್ಲಿ ತಪ್ಪಾಗಲ್ಲ. ಅಪ್ಪ ಮೇಷ್ಟ್ರಲ್ಲವೇ, ವಾಚ್ ಹಿಡಿದು ಸೆಕೆಂಡ್ ಎಣಿಸುವ ಕೆಲಸ ಅವರದೇ.

ಅಂಬಲಿ, ಗಂಜಿ ಆರಿದಂತೆ ಮಂದವಾಗುತ್ತದೆ, ಅದಕ್ಕೇ ಕುಡಿಯುವ ಬಿಸಿಯಲ್ಲೇ ಅಳೆಯಿರಿ. ಇನ್ನೊಂದು ವಿಷಯ: ಹಿಟ್ಟಿನಿಂದ ಮಂದ ಮಾಡಿದ್ದು ಜೊಲ್ಲು ಸೇರಿದರೆ ಮತ್ತೆ ತೆಳ್ಳಗಾಗುತ್ತದೆ. ಎಂಜಲು ಚಮಚವನ್ನು ಬಟ್ಟಲಲ್ಲಿ ಬಿಡಬೇಡಿ.

ಮಾತ್ರೆಗಳನ್ನು ಎಲ್ಲ ಪುಡಿ ಮಾಡುವ ಹಾಗಿಲ್ಲ. ಮೆಲ್ಲಗೆ ಕರಗಲಿ ಅಂತ ಮಾಡಿರುವ ಮಾತ್ರೆ ಪುಡಿಯಾದರೆ ಒಮ್ಮೆಲೇ ಪೂರ್ತಿ ಮದ್ದು ಹೊಟ್ಟೆಗೆ ಬೀಳುತ್ತದೆ. ಒಂದೊಂದನ್ನೂ ಕೇಳಿ. ಕೆಲವಕ್ಕೆ ಸಿರಪ್ ಸಿಗುತ್ತದೆ.

ವ್ಯಾಯಾಮ: ಎಷ್ಟು ಆಸೆ ಇಟ್ಟುಕೊಳ್ಳಬಹುದು

ಇಲ್ಲಿ ಬಣ್ಣದ ಮಾತು ಬೇಡ. ಸೊರಗಿದ ನರ ವ್ಯಾಯಾಮದಿಂದ ಚಿಗುರುವುದಿಲ್ಲ. ಉಳಿದಿರುವ ಸ್ನಾಯುವಿನ ಬಲ ಉಳಿಸಿಕೊಳ್ಳಬಹುದು, ಬಿಗಿತ ಕಡಿಮೆ ಮಾಡಬಹುದು. ಯೂಟ್ಯೂಬ್ ನೋಡಿ ಎಲ್ಲವನ್ನೂ ಮಾಡಿಸಬೇಡಿ.

ಅಪ್ಪನಿಗೆ ಹೇಳಿಕೊಟ್ಟದ್ದು ನಾಲ್ಕು. ಮೊದಲನೆಯದು, ಗಟ್ಟಿಯಾಗಿ ನುಂಗುವುದು. ದೊಡ್ಡ ಉಂಡೆ ನುಂಗಿದ ಹಾಗೆ ಗಂಟಲಿನ ಎಲ್ಲ ಸ್ನಾಯು ಬಿಗಿ ಮಾಡಿ ಜೊಲ್ಲು ನುಂಗಬೇಕು. ಎರಡನೆಯದು, ಮೆತ್ತನೆ ರಬ್ಬರ್ ಚೆಂಡನ್ನು ಗಲ್ಲದ ಕೆಳಗಿಟ್ಟು ಎದೆ ಕಡೆಗೆ ಒತ್ತುವುದು. ಅಂಗಾತ ಮಲಗಿ ತಲೆ ಮಾತ್ರ ಎತ್ತಿ ಕಾಲ್ಬೆರಳು ನೋಡುವ ವ್ಯಾಯಾಮವೂ ಒಂದಿದೆ. ಅಪ್ಪನಿಗೆ ಕುತ್ತಿಗೆ ಮೂಳೆ ಸವೆದಿತ್ತು, ಬಿಪಿಯೂ ಇತ್ತು. ಅದಕ್ಕೇ ಚೆಂಡು. ಮೂರನೆಯದು, ಉಸಿರು ಬಿಗಿ ಹಿಡಿದು ನುಂಗಿ, ತಕ್ಷಣ ಕೆಮ್ಮಿ, ಮತ್ತೆ ನುಂಗುವುದು. ನಾಲ್ಕನೆಯದು, ತಡೆ ಇರುವ ಪುಟ್ಟ ಸಾಧನಕ್ಕೆ ಜೋರಾಗಿ ಊದುವುದು. ಅದು ಕೆಮ್ಮಿನ ಬಲ ಹೆಚ್ಚಿಸೋಕೆ. ಜಾರಿದ್ದನ್ನು ಹೊರಗೆ ತಳ್ಳಲು ಒಳ್ಳೆ ಕೆಮ್ಮು ಬೇಕಲ್ಲ.

ನಾಲಿಗೆಯ ತುದಿಯನ್ನು ಹಲ್ಲಲ್ಲಿ ಹಿಡಿದು ನುಂಗುವ ವ್ಯಾಯಾಮ ಹೇಳಿಕೊಟ್ಟರೆ ಅದನ್ನು ಖಾಲಿ ಬಾಯಲ್ಲೇ ಮಾಡಬೇಕು. ಬಾಯಲ್ಲಿ ಊಟ, ನೀರು ಇಟ್ಟುಕೊಂಡು ಯಾವತ್ತೂ ಮಾಡಬಾರದು.

ಬಾಯಿ, ಹಲ್ಲು, ದವಡೆ

ಸೋರಿಕೆ ಪೂರ್ತಿ ನಿಲ್ಲದಿದ್ದರೂ ನ್ಯುಮೋನಿಯಾ ತಡೆಯಲು ನಮ್ಮ ಕೈಯಲ್ಲಿರುವ ದೊಡ್ಡ ಉಪಾಯ ಬಾಯಿ ಚೊಕ್ಕಟ ಇಡುವುದು. ಶ್ವಾಸಕೋಶಕ್ಕೆ ಇಳಿಯುವುದು ಬರೀ ನೀರಲ್ಲ, ಬಾಯಿಯ ಕೊಳೆಯೂ ಸೇರಿರುತ್ತದೆ. ಪ್ರತಿ ಊಟದ ಮೇಲೂ ಮೆತ್ತನೆ ಬ್ರಷ್, ಫ್ಲೋರೈಡ್ ಪೇಸ್ಟ್. ನಾಲಿಗೆ ಮೇಲೂ ಉಜ್ಜಿ. ಬಾಯಿ ಮುಕ್ಕಳಿಸುವಾಗ ತಲೆ ಮೇಲೆತ್ತಿ ಗಳಗಳ ಮಾಡೋದು ಬೇಡ, ಬಗ್ಗಿ ಮಾಡಲಿ. ಒಣ ಬಾಯಿಗೆ ಜೇಬಲ್ಲಿ ಪುಟ್ಟ ಸ್ಪ್ರೇ ಬಾಟಲಿ ಇರಲಿ.

ಹಲ್ಲು ಕೀಳಿಸುವ ಮುಂಚೆ ಡೆಂಟಿಸ್ಟ್‌ಗೆ 'ದವಡೆಗೆ ರೇಡಿಯೇಷನ್ ಆಗಿದೆ' ಅಂತ ಹೇಳಲೇಬೇಕು. ಇಪ್ಪತ್ತು ವರ್ಷ ಆಗಿದ್ದರೂ ಹೇಳಬೇಕು. ವಿಕಿರಣ ತಿಂದ ಮೂಳೆಯ ಗಾಯ ಸುಲಭವಾಗಿ ಮಾಯುವುದಿಲ್ಲ, ಮೂಳೆಯೇ ಸತ್ತು ಹೋಗಬಹುದು. ಮೊದಲು ಕ್ಯಾನ್ಸರ್ ಡಾಕ್ಟರ ಜೊತೆ ಅವರು ಮಾತಾಡಲಿ.

ಬಾಯಿ ಎಷ್ಟು ತೆರೆಯುತ್ತದೆ ಅಂತ ತಿಂಗಳಿಗೊಮ್ಮೆ ನೋಡಿ. ಅವರದೇ ಮೂರು ಬೆರಳು ನಿಲ್ಲಿಸಿ ಹಲ್ಲುಗಳ ಮಧ್ಯೆ ಹಿಡಿಸಬೇಕು. 35 ಮಿಲಿಮೀಟರ್‌ಗಿಂತ ಕಡಿಮೆಯಾದರೆ ದವಡೆ ಬಿಗಿದಿದೆ ಅಂತ ಲೆಕ್ಕ. ಐಸ್‌ಕ್ರೀಂ ಕಡ್ಡಿ ಒಂದರ ಮೇಲೊಂದು ಜೋಡಿಸಿ ಮೆಲ್ಲಗೆ ಹಿಗ್ಗಿಸುವುದನ್ನು ಥೆರಪಿಸ್ಟ್ ತೋರಿಸುತ್ತಾರೆ. ಅಡಿಕೆ, ಗುಟ್ಕಾ ಹಾಕುವವರಿಗೆ ಬಾಯಿ ಇನ್ನೂ ಬಿಗಿಯುತ್ತದೆ. ಈ ಗಂಟಲಿಟ್ಟುಕೊಂಡು ಈಗಲೂ ಎಲೆಅಡಿಕೆ ಹಾಕುವವರನ್ನು ಆಸ್ಪತ್ರೆ ಅಂಗಳದಲ್ಲೇ ನೋಡಿದ್ದೇನೆ. ಏನು ಹೇಳೋಣ.

ಮಾತು: ಹುಳಿ ಹುಲಿಯಾದಾಗ

ಕನ್ನಡದಲ್ಲಿ ಮೊದಲು ಕೈಕೊಡುವುದು ನಾಲಿಗೆ ಮಡಚಿ ಹೇಳುವ ಅಕ್ಷರಗಳು: ಳ, ಣ, ಟ, ಡ. ಅಪ್ಪ 'ಹುಳಿ ಬಡಿಸು' ಅಂದರೆ 'ಹುಲಿ ಬಡಿಸು' ಅಂತ ಕೇಳುತ್ತಿತ್ತು. ಮೊಮ್ಮಗ ಬಿದ್ದು ಬಿದ್ದು ನಗುತ್ತಿದ್ದ. ಅಪ್ಪನೂ ನಗುತ್ತಿದ್ದರು. ಮೂವತ್ತು ವರ್ಷ ಹಳಗನ್ನಡ ಓದಿಸಿದ ಬಾಯಿ ಅದು. ಅಂಗುಳ (ಬಾಯಿಯ ಮೇಲ್ಭಾಗ) ಸೊರಗಿದರೆ ಇನ್ನೊಂದು ಥರ, ಗಾಳಿ ಮೂಗಿಗೆ ಸೋರಿ 'ಬಾ' ಅನ್ನೋದು 'ಮಾ' ಆಗುತ್ತದೆ.

ಆಡುವವರು ಮಾಡಬೇಕಾದ್ದು: ಒಂದೊಂದು ಪದ ಬಿಡಿಸಿ ಹೇಳುವುದು, ಚಿಕ್ಕ ವಾಕ್ಯ, ಮಧ್ಯೆ ಉಸಿರು. ಮೊದಲು ವಿಷಯ ಹೇಳಿಬಿಡುವುದು. 'ಬ್ಯಾಂಕು' ಅಂತ ಮೊದಲೇ ಅಂದರೆ ಮುಂದಿನ ಅಸ್ಪಷ್ಟ ಮಾತನ್ನು ಕೇಳುವವರೇ ತುಂಬಿಕೊಳ್ಳುತ್ತಾರೆ. ಮುಖ್ಯ ಮಾತುಕತೆ ಬೆಳಗಿನ ಹೊತ್ತು ಇಟ್ಟುಕೊಳ್ಳಿ, ಸಂಜೆಗೆ ನಾಲಿಗೆ ದಣಿದಿರುತ್ತದೆ.

ಕೇಳುವವರು ಮಾಡಬೇಕಾದ್ದು: ಮಿಕ್ಸಿ, ಟಿವಿ ಆಫ್ ಮಾಡಿ ಎದುರಿಗೆ ಕೂರುವುದು. ಅರ್ಥವಾಗದಿದ್ದರೆ ಹೂಂಗುಟ್ಟಬೇಡಿ. 'ಏನು?' ಅಂತ ಪೂರ್ತಿ ಮತ್ತೆ ಹೇಳಿಸಲೂ ಬೇಡಿ. 'ಶನಿವಾರ ಎಲ್ಲಿಗೆ ಅಂದ್ರಿ ಅಪ್ಪ?' ಅಂತ ಬಿಟ್ಟುಹೋದ ಪದ ಮಾತ್ರ ಕೇಳಿ.

ದನಿ ಸಣ್ಣಗಾಗಿದ್ದರೆ ಟೀಚರ್‌ಗಳು ಸೊಂಟಕ್ಕೆ ಕಟ್ಟಿಕೊಳ್ಳುವ ಪುಟ್ಟ ಮೈಕ್ ಸೆಟ್ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಫೋನಿನಲ್ಲಿ ಕನ್ನಡದಲ್ಲಿ ಟೈಪ್ ಮಾಡಿದ್ದನ್ನು ಓದಿ ಹೇಳುವ ಸೌಲಭ್ಯ ಇದೆ, ಸೆಟ್ಟಿಂಗ್‌ನಲ್ಲಿ ಆನ್ ಮಾಡಿಕೊಡಿ. ಧ್ವನಿತಂತು ಒಂದು ಕಡೆ ನಿಂತುಹೋಗಿದ್ದರೆ ಇಎನ್‌ಟಿಯವರು ಇಂಜೆಕ್ಷನ್‌ನಿಂದ ಅದನ್ನು ಮಧ್ಯಕ್ಕೆ ತರಬಲ್ಲರು. ಕೆಲವರಿಗೆ ನುಂಗುವುದೂ ಅದರಿಂದ ಸುಧಾರಿಸುತ್ತದೆ. ಅಂಗುಳನ್ನು ಎತ್ತಿ ಹಿಡಿಯುವ, ನಾಲಿಗೆಗೆ ಅಂಗುಳ ಎಟುಕುವಂತೆ ಮಾಡುವ ಪ್ಲೇಟುಗಳನ್ನು ಹಲ್ಲಿನ ಸೆಟ್ ಮಾಡುವ ಡಾಕ್ಟರು ಮಾಡಿಕೊಡುತ್ತಾರೆ.

ಬಸ್ಸಿನಲ್ಲಿ ಒಂದು ಸಲ ಪಕ್ಕದವರೊಬ್ಬರು ಅಪ್ಪನ ಮಾತು ಕೇಳಿ 'ಬೆಳಿಗ್ಗೆನೇ ಹಾಕ್ಕೊಂಡು ಬಂದವ್ರೆ' ಅಂದರು. ಅಪ್ಪ ಅದಾದ ಮೇಲೆ ಎರಡು ತಿಂಗಳು ಒಬ್ಬರೇ ಹೊರಗೆ ಹೋಗಲಿಲ್ಲ. ಈಗ ಜೇಬಲ್ಲಿ ಒಂದು ಕಾರ್ಡ್ ಇದೆ, ಅವರದೇ ಅಕ್ಷರದಲ್ಲಿ: 'ನನಗೆ ಗಂಟಲಿನ ಚಿಕಿತ್ಸೆ ಆಗಿದೆ. ಮಾತು ತೊದಲುತ್ತದೆ. ಕಿವಿ, ಬುದ್ಧಿ ಎರಡೂ ಚೆನ್ನಾಗಿವೆ.' ಹಿಂದುಗಡೆ ನನ್ನ ನಂಬರ್, 'ಮಲಗಿಸಿ ನೀರು ಕುಡಿಸಬೇಡಿ' ಅನ್ನೋ ಸಾಲು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ಬಗೆಗಳಲ್ಲಿ ಮಾತಿನ ವೈಕಲ್ಯವೂ ಒಂದು. ವೈದ್ಯರು ಶೇಕಡಾ 40 ಅಥವಾ ಹೆಚ್ಚು ಅಂತ ಪ್ರಮಾಣಪತ್ರ ಕೊಟ್ಟರೆ ಸೌಲಭ್ಯಗಳಿಗೆ ದಾರಿಯಾಗುತ್ತದೆ. ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು.

ಟ್ಯೂಬ್ ಅಂದಾಗ

ತೂಕ ನಿಲ್ಲುತ್ತಿಲ್ಲ, ನ್ಯುಮೋನಿಯಾ ಮರಳಿ ಮರಳಿ ಬರುತ್ತಿದೆ ಅಂದರೆ ಡಾಕ್ಟರು ಟ್ಯೂಬಿನ ಮಾತೆತ್ತುತ್ತಾರೆ. ಮೂಗಿನ ಟ್ಯೂಬ್ ಕೆಲವು ವಾರಗಳ ಮಟ್ಟಿಗೆ. ಜಾಸ್ತಿ ದಿನ ಬೇಕಾದರೆ ಹೊಟ್ಟೆಗೆ ನೇರ ಇಡುವ ಟ್ಯೂಬ್, ಅಂಗಿಯೊಳಗೆ ಕಾಣುವುದೂ ಇಲ್ಲ. ಟ್ಯೂಬ್ ಇಟ್ಟರೆ ಬಾಯಿಯ ಊಟ ಮುಗಿಯಿತು ಅಂತ ಅಲ್ಲ. ಥೆರಪಿಸ್ಟ್ ಒಪ್ಪಿದಷ್ಟನ್ನು ರುಚಿಗೆ ತಿನ್ನಬಹುದು, ಹೊಟ್ಟೆ ತುಂಬಿಸುವ ಕೆಲಸ ಟ್ಯೂಬ್ ನೋಡಿಕೊಳ್ಳುತ್ತದೆ. ಅಪ್ಪನಿಗೆ ಇನ್ನೂ ಬೇಕಾಗಿಲ್ಲ. ಬೇಕಾದರೆ ಇಡಿಸುವುದು ಅಂತ ಅವರು ಆರೋಗ್ಯವಾಗಿದ್ದಾಗಲೇ ಕೂತು ಮಾತಾಡಿ ಮುಗಿಸಿದ್ದೇವೆ. ಐಸಿಯು ಬಾಗಿಲಲ್ಲಿ ನಿಂತು ಆ ಮಾತು ಆಡೋದು ಬೇಡ.

ತಡ ಮಾಡಬಾರದ ಹೊತ್ತು

ಉಸಿರು ಸಿಗುತ್ತಿಲ್ಲ, ಕೆಮ್ಮಲೂ ಮಾತಾಡಲೂ ಆಗುತ್ತಿಲ್ಲ ಅಂದರೆ ಗಂಟಲು ಪೂರ್ತಿ ಕಟ್ಟಿದೆ. ನೀರು ಕುಡಿಸಬೇಡಿ. ಮುಂದಕ್ಕೆ ಬಗ್ಗಿಸಿ ಎರಡೂ ಹೆಗಲೆಲುಬಿನ ಮಧ್ಯೆ ಅಂಗೈ ಬುಡದಿಂದ ಜೋರಾಗಿ 5 ಏಟು. ಹೋಗದಿದ್ದರೆ ಹಿಂದೆ ನಿಂತು ಹೊಕ್ಕಳಿಗಿಂತ ಸ್ವಲ್ಪ ಮೇಲ್ಗಡೆ ಮುಷ್ಟಿ ಇಟ್ಟು, ಒಳಕ್ಕೂ ಮೇಲಕ್ಕೂ 5 ಸಲ ಎಳೆಯಿರಿ. ಹೊರಬರುವ ತನಕ ಇವೆರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಜ್ವರ, ಹೊಸ ಕಫ, ಏದುಸಿರು ಕಂಡರೆ ಅದೇ ದಿನ ಎಕ್ಸ್‌ರೇ. 'ನುಂಗುವಾಗ ಶ್ವಾಸಕೋಶಕ್ಕೆ ಹೋಗುತ್ತದೆ' ಅಂತ ನೀವೇ ಬಾಯಿಬಿಟ್ಟು ಹೇಳಿ. ಬಾಯಿಂದ, ಗಂಟಲಿಂದ ರಕ್ತ ಬಂದರೂ ಕಾಯಬೇಡಿ.

ಮದುವೆ ಮನೆ

ಛತ್ರದ ಪಂಕ್ತಿಯಲ್ಲಿ ಕುರ್ಚಿ ಹಿಂದೆ ಮುಂದಿನವರು ಬಂದು ನಿಂತಿರುತ್ತಾರಲ್ಲ, ಮೆಲ್ಲಗೆ ನುಂಗುವವರಿಗೆ ಅದಕ್ಕಿಂತ ಹಿಂಸೆ ಇನ್ನೊಂದಿಲ್ಲ. ನಾವು ಮನೆಯಲ್ಲೇ ಹೊಟ್ಟೆ ತುಂಬಿಸಿಕೊಂಡು ಹೋಗುತ್ತೇವೆ. ಅಪ್ಪ ಕೊನೇ ಪಂಕ್ತಿಯಲ್ಲಿ ಎಲೆ ಮುಂದೆ ಕೂರುತ್ತಾರೆ, ಪಾಯಸದ ರಸ ಎರಡು ಚಮಚ, ಅದೂ ತಲೆ ಎಡಕ್ಕೆ ತಿರುಗಿಸಿ. ಬಡಿಸುವವರು ಎಡಗಡೆ ಯಾರನ್ನೋ ನೋಡುತ್ತಿದ್ದಾರೆ ಅಂದುಕೊಳ್ಳುತ್ತಾರೆ.

ಪರೀಕ್ಷೆಯನ್ನು ಒಂದು ಸಲ ಮಾಡಿಸಿದರೆ ಮುಗಿಯಲ್ಲ, ಈ ಗಂಟಲು ವರ್ಷದಿಂದ ವರ್ಷಕ್ಕೆ ಬದಲಾಗುತ್ತಿರುತ್ತದೆ. ಮುಂದಿನ ತಿಂಗಳು ಮತ್ತೆ ಬರಲು ಹೇಳಿದ್ದಾರೆ. ಮನೆಯ ಊಟವನ್ನೇ ತನ್ನಿ, ಅದಕ್ಕೇ ಬೇರಿಯಂ ಬೆರೆಸಿ ನೋಡೋಣ ಅಂದಿದ್ದಾರೆ ಥೆರಪಿಸ್ಟ್. ಅಮ್ಮ ಮೂರು ಡಬ್ಬಿ ಎತ್ತಿಟ್ಟಿದ್ದಾರೆ, ಒಂದು ಅಂಬಲಿಗೆ, ಒಂದು ಕಡೆದ ಬೇಳೆ ಅನ್ನಕ್ಕೆ. ಮೂರನೆಯದು ಯಾಕೆ ಅಂತ ಕೇಳಿದರೆ ಅಪ್ಪ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದರು: 'ಮುದ್ದೆ. ಸಣ್ಣದು. ಅವರೇ ನೋಡಲಿ.'